ತೂಕ, ಕೊಬ್ಬು, ಹಸಿವು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ತಿಂದದ್ದನ್ನೆಲ್ಲ ಬರೆದಿಡುತ್ತೇನೆ. ದಿನಕ್ಕೆ 1,100 ಕ್ಯಾಲೊರಿ ದಾಟುವುದಿಲ್ಲ. ಆದರೂ ತೂಕ ಇಳಿಯುತ್ತಿಲ್ಲ. ನನ್ನ ಚಯಾಪಚಯವೇ ನಿಧಾನವೇ? ಇದನ್ನು ಸಂಶೋಧಕರು ಹೇಗೆ ಪತ್ತೆ ಹಚ್ಚುತ್ತಾರೆ?

ಉತ್ತರ: ಮೊದಲಿಗೆ, ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ಯಾರಾದರೂ ಅಂದರೆ ನಂಬಬೇಡಿ. ಊಟದ ಲೆಕ್ಕ ಎಲ್ಲರಿಗೂ ತಪ್ಪುತ್ತದೆ. ನಿಮ್ಮಂತೆಯೇ ‘ಏನು ಮಾಡಿದರೂ ಇಳಿಯುತ್ತಿಲ್ಲ’ ಎನ್ನುತ್ತಿದ್ದ 10 ಮಂದಿಯ ಮೇಲೆ ನ್ಯೂಯಾರ್ಕಿನಲ್ಲಿ ನಡೆಸಿದ ಅಧ್ಯಯನವೊಂದು 1992ರಲ್ಲಿ ಪ್ರಕಟವಾಯಿತು. ಅವರ ದೇಹ ಸುಡುತ್ತಿದ್ದ ಶಕ್ತಿ ಆ ಗಾತ್ರದ ದೇಹಕ್ಕೆ ಎಷ್ಟಿರಬೇಕೋ ಅಷ್ಟೇ ಇತ್ತು. ತಿಂದದ್ದರಲ್ಲಿ ಮಾತ್ರ ಸರಾಸರಿ ಶೇ 47ರಷ್ಟು ಲೆಕ್ಕದ ಪುಸ್ತಕಕ್ಕೆ ಬಂದಿರಲಿಲ್ಲ.

ಅಳೆಯುವ ವಿಧಾನ ಹೀಗಿದೆ. ಡ್ಯುಟೀರಿಯಂ (ಭಾರದ ಹೈಡ್ರೋಜನ್) ಮತ್ತು ಆಕ್ಸಿಜನ್-18 (ಭಾರದ ಆಕ್ಸಿಜನ್) ಬೆರೆತ ನೀರನ್ನು ಕುಡಿಸುತ್ತಾರೆ. ಎರಡೂ ವಿಕಿರಣ ಸೂಸದ ಐಸೊಟೋಪುಗಳು. ಡ್ಯುಟೀರಿಯಂ ಮೂತ್ರ, ಬೆವರು, ಉಸಿರಿನ ತೇವದ ಮೂಲಕ ನೀರಾಗಿ ಮಾತ್ರ ಹೊರಬೀಳುತ್ತದೆ. ಆಕ್ಸಿಜನ್-18 ನೀರಾಗಿಯೂ ಹೋಗುತ್ತದೆ, ಕಾರ್ಬನ್ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಹಾಗಾಗಿ ದೇಹದಲ್ಲಿ ಅದು ಬೇಗ ಕಡಿಮೆಯಾಗುತ್ತದೆ. ಸುಮಾರು ಎರಡು ವಾರ ಮೂತ್ರ ಸಂಗ್ರಹಿಸಿ ಎರಡೂ ಇಳಿದ ವೇಗದ ಅಂತರ ತೆಗೆದರೆ ದೇಹ ಹೊರಬಿಟ್ಟ ಕಾರ್ಬನ್ ಡೈಆಕ್ಸೈಡ್ ಎಷ್ಟೆಂದು ಗೊತ್ತಾಗುತ್ತದೆ. ಸುಟ್ಟ ಕ್ಯಾಲೊರಿಯ ಲೆಕ್ಕ ಅಲ್ಲಿಂದ ಬರುತ್ತದೆ. ಬಾಟಲಿಯ ತಳದಲ್ಲಿ ಅರ್ಧ ಗುಟುಕು ಉಳಿದರೂ ಲೆಕ್ಕ ಕೆಡುವುದರಿಂದ ಅದನ್ನು ಸಾದಾ ನೀರಿನಲ್ಲಿ ಕುಲುಕಿ, ಆ ನೀರನ್ನೂ ಕುಡಿಸುತ್ತಾರೆ. ಬೆಳಗಿನ ಮೊದಲ ಮೂತ್ರ ರಾತ್ರಿಯಿಡೀ ಕೂಡಿಕೊಂಡದ್ದು. ಅದನ್ನು ಬಿಟ್ಟು ನಂತರದ್ದನ್ನು ತೆಗೆದುಕೊಳ್ಳಬೇಕು.

ಮನೆಯಲ್ಲಿ ನೀವು ಮಾಡಬಹುದಾದದ್ದು ಒಂದಿದೆ. ಏಳು ದಿನ ಎಲ್ಲವನ್ನೂ ಬೇಯಿಸುವ ಮೊದಲೇ ತಕ್ಕಡಿಯಲ್ಲಿಟ್ಟು ತೂಗಿ, ಎಣ್ಣೆಯನ್ನೂ ಸೇರಿಸಿ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 14 ಗ್ರಾಂ, ಹತ್ತಿರ ಹತ್ತಿರ 120 ಕ್ಯಾಲೊರಿ. ಇದರ ಜೊತೆಗೆ ಥೈರಾಯ್ಡ್ ಗ್ರಂಥಿಯ ಕೆಲಸ ತಿಳಿಸುವ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಸ್ಟೆರಾಯ್ಡ್ ಅಥವಾ ಮನೋರೋಗದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ. ತೂಕ ಏರಿಸುವ ಔಷಧಗಳು ಅವುಗಳಲ್ಲಿವೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ: ಪ್ರಬಂಧಕ್ಕಾಗಿ ಇಲಿಗಳಿಗೆ 12 ವಾರ ಅಧಿಕ ಕೊಬ್ಬಿನ ಆಹಾರ ಕೊಟ್ಟೆ. ಹೋಲಿಕೆಯ ಗುಂಪಿಗೆ ಪ್ರಾಣಿಗೃಹದ ಮಾಮೂಲಿ ಪೆಲೆಟ್. ರಾತ್ರಿಯಿಡೀ ಉಪವಾಸವಿಟ್ಟು, ರಕ್ತದ ಸಕ್ಕರೆ ಎಷ್ಟು ಬೇಗ ಇಳಿಯುತ್ತದೆಂದು ನೋಡಲು ದೇಹತೂಕದ ಕಿಲೋಗೆ 2 ಗ್ರಾಂ ಗ್ಲೂಕೋಸ್ ಹೊಟ್ಟೆಗೆ ಚುಚ್ಚಿದೆ. ಒಂದೇ ಗುಂಪಿನ ಇಲಿಗಳಲ್ಲೇ ಫಲಿತಾಂಶ ಚೆಲ್ಲಾಪಿಲ್ಲಿ. ಎಲ್ಲಿ ಎಡವಿದೆ?

ಉತ್ತರ: ನಿಮ್ಮ ಪತ್ರದಲ್ಲೇ ಮೂರು ತಪ್ಪುಗಳು ಕಾಣುತ್ತವೆ.

ಒಂದು, ಉಪವಾಸ. ಇಲಿ ಉಣ್ಣುವುದೇ ರಾತ್ರಿ. ಆಗ 16 ಗಂಟೆ ಹಸಿದಿಟ್ಟರೆ ಅದರ ಲಿವರಿನ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ಬರಿದಾಗುತ್ತದೆ, ತೂಕವೂ ಗಣನೀಯವಾಗಿ ಇಳಿಯುತ್ತದೆ. ನೀವು ಅಳೆದದ್ದು ಹೆಚ್ಚುಕಡಿಮೆ ಬರಗಾಲದ ಇಲಿಯನ್ನು. ಬೆಳಿಗ್ಗೆ ಆಹಾರ ತೆಗೆದು 5–6 ಗಂಟೆ ಬಿಟ್ಟರೆ ಸಾಕು. ಆಗ ಹಾಸನ್ನೂ ಬದಲಿಸಿ. ಇಲ್ಲದಿದ್ದರೆ ಹೊಟ್ಟಿನಲ್ಲಿ ಉದುರಿದ ಚೂರುಗಳನ್ನು ಹೆಕ್ಕಿ ತಿನ್ನುತ್ತಿರುತ್ತವೆ.

ಎರಡು, ಪ್ರಮಾಣ. ಇದನ್ನು ಗಮನವಿಟ್ಟು ನೋಡಿ. 45 ಗ್ರಾಂ ತೂಗುವ ದಪ್ಪ ಇಲಿಗೆ ನಿಮ್ಮ ಲೆಕ್ಕದಲ್ಲಿ 90 ಮಿ.ಗ್ರಾಂ ಗ್ಲೂಕೋಸ್ ಹೋಗಿದೆ, 28 ಗ್ರಾಂನ ತೆಳು ಇಲಿಗೆ 56 ಮಿ.ಗ್ರಾಂ. ಆದರೆ ಚುಚ್ಚಿದ ಸಕ್ಕರೆಯ ದೊಡ್ಡ ಪಾಲನ್ನು ಹೀರಬೇಕಾದ ಸ್ನಾಯು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಹೆಚ್ಚುವರಿ 17 ಗ್ರಾಂನಲ್ಲಿ ಬಹುಪಾಲು ಕೊಬ್ಬು. ಒಂದೇ ಅಳತೆಯ ಪಾತ್ರೆಗೆ ಹೆಚ್ಚು ನೀರು ಸುರಿದು ‘ತುಂಬಿ ಹರಿಯಿತು’ ಎಂದಂತಾಯಿತು. ಎಕೋ ಎಂಆರ್‌ಐ ಅಥವಾ ಡೆಕ್ಸಾ (ದೇಹದ ಕೊಬ್ಬನ್ನು ಬೇರೆಯಾಗಿ ಅಳೆಯುವ ಯಂತ್ರಗಳು) ಸಿಕ್ಕರೆ ಕೊಬ್ಬು ಬಿಟ್ಟ ದೇಹತೂಕಕ್ಕೆ ಲೆಕ್ಕ ಹಾಕಿ. ಸಿಗದಿದ್ದರೆ ಎಲ್ಲ ಇಲಿಗಳಿಗೂ ಒಂದೇ ನಿಗದಿತ ಪ್ರಮಾಣ ಕೊಟ್ಟು ಹಾಗೆಂದು ಪ್ರಬಂಧದಲ್ಲಿ ಬರೆಯಿರಿ.

ಮೂರು, ಹೋಲಿಕೆಯ ಆಹಾರ. ಕ್ಯಾಲೊರಿಯಲ್ಲಿ ಶೇ 60 ಕೊಬ್ಬಿರುವ ಪೆಲೆಟ್ಟಿಗೆ ಜೋಡಿ ಎಂದರೆ ಅದೇ ಶುದ್ಧೀಕೃತ ಪದಾರ್ಥಗಳಿಂದ ಮಾಡಿದ, ಶೇ 10 ಕೊಬ್ಬಿನ ಪೆಲೆಟ್. ಮಾಮೂಲಿ ಪೆಲೆಟ್ಟಿನಲ್ಲಿ ನಾರು, ಸೋಯಾ, ಸಕ್ಕರೆ ಎಲ್ಲವೂ ಬೇರೆ. ಕಂಡ ವ್ಯತ್ಯಾಸ ಕೊಬ್ಬಿನದೋ ನಾರಿನದೋ ಎಂದು ಪರೀಕ್ಷಕರು ಕೇಳಿದರೆ ಉತ್ತರ ಇರುವುದಿಲ್ಲ. ಇದನ್ನು ಈಗ ಸರಿಪಡಿಸಲು ಸಾಧ್ಯವಿಲ್ಲ. ಮುಂದಿನ ಗುಂಪಿಗಾದರೂ ಬದಲಿಸಿ.

ಇಲಿಯ ತಳಿಯನ್ನು ನೀವು ಹೇಳಿಲ್ಲ. ಪ್ರಯೋಗಾಲಯಗಳಲ್ಲಿ ಸಾಮಾನ್ಯವಾದ ಸಿ57 ಬ್ಲಾಕ್ 6 ತಳಿ ಆದರೆ ‘ಜೆ’ ಉಪತಳಿಯೋ ‘ಎನ್’ ಉಪತಳಿಯೋ ನೋಡಿ. ‘ಜೆ’ಯಲ್ಲಿ ಎನ್‌ಎನ್‌ಟಿ ಎಂಬ ಜೀನ್ ಕೆಟ್ಟಿದೆ. ಎರಡನ್ನೂ ಬೆರೆಸಿದರೆ ಫಲಿತಾಂಶ ಚೆದುರುತ್ತದೆ. ಕೋಣೆಯ ಉಷ್ಣತೆಯೂ ಮುಖ್ಯ. ನಮಗೆ ಹಿತವೆನಿಸುವ 22 ಡಿಗ್ರಿ ಇಲಿಗೆ ಚಳಿ. ಅದಕ್ಕೆ ಹಿತವಾದದ್ದು 30ರ ಆಸುಪಾಸು. ಒಂಟಿಯಾಗಿಟ್ಟ ಇಲಿ ಮೈ ಕಾಯಿಸಿಕೊಳ್ಳಲು ಹೆಚ್ಚು ಸುಡುತ್ತದೆ, ಗುಂಪಿನದು ಒತ್ತಿಕೊಂಡು ಮಲಗಿ ಉಳಿಸುತ್ತದೆ. ಹಾಗಾಗಿ ಎರಡು ಗುಂಪುಗಳಲ್ಲೂ ಗೂಡಿಗೆ ಅಷ್ಟಷ್ಟೇ ಇಲಿ ಇರಲಿ. ಗಂಡು ಇಲಿಗಳು ಕಚ್ಚಾಡುತ್ತವೆ. ಬೆನ್ನಲ್ಲಿ ಗಾಯವಿರುವ ಇಲಿಯ ತೂಕವನ್ನು ನಂಬಬೇಡಿ.

ಚುಚ್ಚುವ ಕೈಯೂ ತಪ್ಪುತ್ತದೆ. ಸೂಜಿ ಕರುಳಿಗೋ ಕೊಬ್ಬಿನ ಪದರಕ್ಕೋ ಹೋದರೆ 15ನೇ ನಿಮಿಷದಲ್ಲಿ ಸಕ್ಕರೆ ಏರುವುದೇ ಇಲ್ಲ. ಅಂಥ ಇಲಿಯನ್ನು ಬಿಡುವ ನಿಯಮವನ್ನು ಪ್ರಯೋಗಕ್ಕೆ ಮೊದಲೇ ಬರೆದಿಡಿ, ಅಂಕಿ ನೋಡಿದ ಮೇಲೆ ಬಿಡಬೇಡಿ. ಹೆದರಿದ ಇಲಿಯ ಸಕ್ಕರೆ ತಾನಾಗಿಯೇ ಏರುತ್ತದೆ. ಒಂದು ವಾರ ಮೊದಲಿಂದ ದಿನವೂ ಎತ್ತಿ ಹಿಡಿದು ಅಭ್ಯಾಸ ಮಾಡಿಸಿ. ಸೊನ್ನೆ (ಚುಚ್ಚುವ ಮುನ್ನ) ಮತ್ತು 15ನೇ ನಿಮಿಷದಲ್ಲಿ ಇನ್ಸುಲಿನ್‌ಗೂ ಒಂದಿಷ್ಟು ರಕ್ತ ತೆಗೆಯಿರಿ. ಸಕ್ಕರೆಯ ಗೆರೆ ಒಂದೇ ಥರ ಇದ್ದರೂ ಅದನ್ನು ಹಾಗಿಡಲು ಒಂದು ಇಲಿ ಐದು ಪಟ್ಟು ಇನ್ಸುಲಿನ್ ಸುರಿಸುತ್ತಿರಬಹುದು. ರೋಗ ಇರುವುದೇ ಅಲ್ಲಿ.

ಪ್ರಶ್ನೆ: ಹಸಿವು ತಗ್ಗಿಸುವ ಲೆಪ್ಟಿನ್ ಹಾರ್ಮೋನು ಸಿಕ್ಕಿದೆಯಲ್ಲ, ಎಲ್ಲರಿಗೂ ಅದನ್ನೇ ಕೊಡಬಾರದೇಕೆ?

ಉತ್ತರ: ಅಮೆರಿಕದ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ ಡಗ್ಲಸ್ ಕೋಲ್ಮನ್ ಎರಡು ಬಗೆಯ ದಢೂತಿ ಇಲಿಗಳನ್ನಿಟ್ಟುಕೊಂಡು ಕೆಲಸ ಮಾಡಿದರು: ‘ಒಬಿ’ ಮತ್ತು ‘ಡಿಬಿ’. ಶಸ್ತ್ರಚಿಕಿತ್ಸೆಯಿಂದ ಜೋಡಿಸಿ ಎರಡು ಇಲಿಗಳ ರಕ್ತ ಬೆರೆಯುವಂತೆ ಮಾಡಿದಾಗ, ಡಿಬಿಯ ಜೊತೆಗಿದ್ದ ಸಾಮಾನ್ಯ ಇಲಿ ಉಣ್ಣುವುದನ್ನು ಬಿಟ್ಟು ಸತ್ತಿತು. ಡಿಬಿಯ ಜೊತೆಗಿದ್ದ ಒಬಿಗೂ ಅದೇ ಗತಿ. ಅಂದರೆ ಡಿಬಿಯ ರಕ್ತದಲ್ಲಿ ‘ಸಾಕು’ ಎನ್ನುವ ಸಂಕೇತ ಹೇರಳವಾಗಿದೆ, ಆದರೆ ಅದಕ್ಕೇ ಅದು ಕೇಳಿಸದು. ಒಬಿಯಲ್ಲಿ ಕಿವಿ ಸರಿಯಿದೆ, ಸಂಕೇತವಿಲ್ಲ. ಆ ಸಂಕೇತದ ಜೀನನ್ನು 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಪತ್ತೆ ಮಾಡಿತು.

ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಅತಿ ವಿರಳ ಮಕ್ಕಳಿಗೆ ಈ ಚುಚ್ಚುಮದ್ದು ಬದುಕನ್ನೇ ಬದಲಿಸಿದೆ. ಉಳಿದ ಬಹುತೇಕ ಬೊಜ್ಜಿನವರ ರಕ್ತದಲ್ಲಿ ಲೆಪ್ಟಿನ್ ಮೊದಲೇ ಹೆಚ್ಚಿರುತ್ತದೆ. ಕೇಳದ ಕಿವಿಗೆ ಇನ್ನೂ ಜೋರಾಗಿ ಕೂಗಿ ಪ್ರಯೋಜನವಿಲ್ಲ.

ಪ್ರಶ್ನೆ: ನಾನು ತೆಳ್ಳಗಿದ್ದೇನೆ. ಆದರೂ ಲಿವರಿನಲ್ಲಿ ಕೊಬ್ಬು ಎಂದು ಸ್ಕ್ಯಾನ್ ವರದಿ ಬಂದಿದೆ. ಇದು ಹೇಗೆ?

ಉತ್ತರ: ಚರ್ಮದಡಿಯ ಕೊಬ್ಬು ಒಂದು ಉಗ್ರಾಣ. ಅದು ಚಿಕ್ಕದಿದ್ದರೆ ಹೆಚ್ಚಾದ ಕೊಬ್ಬು ಲಿವರು, ಸ್ನಾಯುಗಳಿಗೆ ನುಗ್ಗಿ ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗುತ್ತದೆ. ಲಿಪೊಡಿಸ್ಟ್ರೊಫಿ ರೋಗದಲ್ಲಿ ಚರ್ಮದಡಿ ಕೊಬ್ಬು ತೀರಾ ಕಡಿಮೆ ಅಥವಾ ಇಲ್ಲವೇ ಇಲ್ಲ, ಆದರೂ ತೀವ್ರ ಮಧುಮೇಹ ಬರಬಹುದು. ಆದ್ದರಿಂದ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಒಂದನ್ನೇ ನೆಚ್ಚಬೇಡಿ. ಕೊನೆಯ ಪಕ್ಕೆಲುಬಿನ ಕೆಳಅಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಸುತ್ತಿ, ಉಸಿರನ್ನು ಸಹಜವಾಗಿ ಬಿಟ್ಟಾಗ ಅಳೆಯಿರಿ. ಎತ್ತರದ ಅರ್ಧಕ್ಕಿಂತ ಹೆಚ್ಚಿದ್ದರೆ ರಕ್ತದ ಸಕ್ಕರೆ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ಪರೀಕ್ಷಿಸಿಕೊಳ್ಳಬೇಕು. ಮದ್ಯ, ಔಷಧಗಳಿಂದಲೂ ಲಿವರಿನಲ್ಲಿ ಕೊಬ್ಬು ಸೇರಬಹುದು. ಅದನ್ನೂ ವೈದ್ಯರೊಂದಿಗೆ ಮಾತಾಡಿ.

ಪ್ರಶ್ನೆ: ಸೆಮಾಗ್ಲುಟೈಡ್ ಚುಚ್ಚುಮದ್ದಿನಿಂದ ತೂಕ ಇಳಿದ ಮೇಲೆ ನಿಲ್ಲಿಸಬಹುದೇ?

ಉತ್ತರ: ನಿಲ್ಲಿಸಿದರೆ ಬಹುಮಟ್ಟಿಗೆ ಮರಳಿ ಬರುತ್ತದೆ. 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ವಾರಕ್ಕೆ 2.4 ಮಿ.ಗ್ರಾಂ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇ 14.9 ಇಳಿಯಿತು. ನಿಲ್ಲಿಸಿ ಒಂದು ವರ್ಷವಾಗುವಷ್ಟರಲ್ಲಿ ಇಳಿದದ್ದರ ಮೂರನೇ ಎರಡು ಪಾಲು ವಾಪಸಾಯಿತು. ಇದು ಅವರ ಮನೋಬಲದ ಕೊರತೆಯಲ್ಲ. ಔಷಧ ಹೋದೊಡನೆ ಹಸಿವು ಮರಳುತ್ತದೆ, ರಕ್ತದೊತ್ತಡದ ಮಾತ್ರೆ ಬಿಟ್ಟಾಗ ಒತ್ತಡ ಮರಳುವ ಹಾಗೆ.

ಪ್ರಮಾಣವನ್ನು 0.25 ಮಿ.ಗ್ರಾಂನಿಂದ ಶುರುಮಾಡಿ ನಾಲ್ಕು ವಾರಕ್ಕೊಮ್ಮೆ ಏರಿಸುತ್ತಾರೆ. ಅವಸರ ಮಾಡಿದರೆ ವಾಂತಿ, ನಿರ್ಜಲೀಕರಣ. ಇಳಿಯುವ ತೂಕದಲ್ಲಿ ಸ್ನಾಯುವೂ ಸೇರಿರುವುದರಿಂದ ಭಾರ ಎತ್ತುವ ವ್ಯಾಯಾಮ, ಸಾಕಷ್ಟು ಪ್ರೋಟೀನು ಬೇಕು. ಮನೆತನದಲ್ಲಿ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಈ ಔಷಧ ಬೇಡ. ಬೆನ್ನಿಗೆ ಹರಡುವ ತೀವ್ರ ಹೊಟ್ಟೆನೋವು ಬಂದರೆ ಮುಂದಿನ ಚುಚ್ಚುಮದ್ದು ತೆಗೆದುಕೊಳ್ಳದೆ ಅಂದೇ ಆಸ್ಪತ್ರೆಗೆ ಹೋಗಿ. ಮೇದೋಜೀರಕ ಗ್ರಂಥಿ ಊದಿಕೊಂಡಿರಬಹುದು.