ಜೊಲ್ಲಿನ ಪರೀಕ್ಷೆ ಮಾಡಿಸಿದರೆ ಬಾಯಿ ಕ್ಯಾನ್ಸರ್ ಗೊತ್ತಾಗುತ್ತದಾ? ಬಯಾಪ್ಸಿ ತಪ್ಪಿಸಬಹುದಾ?

ನಿಮ್ಮ ತಂದೆಯವರಿಗೆ 54 ವರ್ಷ, ಇಪ್ಪತ್ತು ವರ್ಷದಿಂದ ಗುಟ್ಕಾ ಅಭ್ಯಾಸ, ಎಡಗೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಮಚ್ಚೆ, ಬಯಾಪ್ಸಿ (ಮಚ್ಚೆಯಿಂದ ಚಿಕ್ಕ ತುಣುಕು ತೆಗೆದು ಪರೀಕ್ಷಿಸುವುದು) ಅಂದರೆ ಭಯ. ಹಾಗಾಗಿ ಜೊಲ್ಲಿನ ಪರೀಕ್ಷೆ ಸಾಕೇ ಅಂತ ಕೇಳಿದ್ದೀರಿ. ಸಾಲದು. ಕಣ್ಣಿಗೆ ಕಾಣುವ ಮಚ್ಚೆ ಇದ್ದಮೇಲೆ ಜೊಲ್ಲಿನ ರಿಪೋರ್ಟ್ ಪಾಸಿಟಿವ್ ಬರಲಿ, ನೆಗೆಟಿವ್ ಬರಲಿ, ಬಯಾಪ್ಸಿ ಆಗಲೇಬೇಕು.

ಈ ಪರೀಕ್ಷೆಯ ಹಿಂದಿನ ವಿಜ್ಞಾನವೇನೂ ಸುಳ್ಳಲ್ಲ. ಬಾಯಿಯ ಗಡ್ಡೆ ಸದಾ ಜೊಲ್ಲಿನಲ್ಲಿ ನೆನೆದಿರುತ್ತದೆ. ಅದರ ಕೋಶಗಳು, ಪ್ರೋಟೀನು, ಆರ್‌ಎನ್‌ಎ ಎಲ್ಲ ಅದರೊಳಗೇ ಉದುರುತ್ತವೆ. 2004ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ವಾಂಗ್ ತಂಡ ಐಎಲ್-8, ಐಎಲ್-1 ಬೀಟಾ ಎಂಬ ಉರಿಯೂತದ ಪ್ರೋಟೀನುಗಳವು ಸೇರಿ ಏಳು ಎಂಆರ್‌ಎನ್‌ಎಗಳು (ಪ್ರೋಟೀನು ತಯಾರಿಸುವ ಸೂಚನೆ ಹೊರುವ ಆರ್‌ಎನ್‌ಎ) ರೋಗಿಗಳ ಜೊಲ್ಲಿನಲ್ಲಿ ಹೆಚ್ಚಿರುವುದನ್ನು ತೋರಿಸಿತು. ಅವುಗಳನ್ನು ಜೊತೆಗೂಡಿಸಿ ನೋಡಿದಾಗ ರೋಗ ಇದ್ದವರಲ್ಲಿ ಶೇ. 91 ಮಂದಿಯನ್ನೂ ಇಲ್ಲದವರಲ್ಲಿ ಶೇ. 91 ಮಂದಿಯನ್ನೂ ಸರಿಯಾಗಿ ಗುರುತಿಸಲಾಯಿತು. 2008ರಲ್ಲಿ ಐದು ಪ್ರೋಟೀನುಗಳಿಂದ ಇದೇ ಲೆಕ್ಕ ಶೇ. 90 ಮತ್ತು ಶೇ. 83 ಬಂತು. ಜಾಹೀರಾತಿನವರು ಎತ್ತಿ ಹೇಳುವುದು ಇಂಥ ಅಂಕಿಗಳನ್ನೇ. ಆದರೆ 2004ರ ಅಧ್ಯಯನದಲ್ಲಿ ಇದ್ದವರು 32 ರೋಗಿಗಳು, 32 ಆರೋಗ್ಯವಂತರು, ಅಷ್ಟೇ.

ನಿಮ್ಮ ತಂದೆಯವರಂಥವರ ಬಾಯಲ್ಲಿ ಈ ಅಂಕಿ ನಿಲ್ಲುವುದು ಕಷ್ಟ. ಐಎಲ್-8, ಐಎಲ್-1 ಬೀಟಾ, ಅಂಗಾಂಶ ಕರಗಿಸುವ ಕಿಣ್ವ ಎಂಎಂಪಿ-9 ಇವೆಲ್ಲ ಊತ, ಉರಿ ಇದ್ದ ಕಡೆಯೆಲ್ಲ ಏರುತ್ತವೆ. ಗುಟ್ಕಾ ಅಗಿಯುವವರ ಹಲ್ಲಿನ ಬುಡ ನೋಡಿ: ಕಲ್ಲಿನಂತೆ ಗಟ್ಟಿಯಾದ ಕಂದು ಪಾಚಿ, ಅದರ ಪಕ್ಕದಲ್ಲೇ ಮುಟ್ಟಿದರೆ ರಕ್ತ ಬರುವ ವಸಡು. ಬರೀ ವಸಡಿನ ಕಾಯಿಲೆಯೇ ರಿಪೋರ್ಟನ್ನು ಪಾಸಿಟಿವ್ ಕಡೆ ತಳ್ಳಬಹುದು.

ಊರಿನ ಎಲ್ಲರಿಗೂ ಈ ಪರೀಕ್ಷೆ ಮಾಡಿಸಿದರೆ ಏನಾಗುತ್ತದೆ ಅನ್ನುವುದನ್ನೂ ಲೆಕ್ಕ ಹಾಕಿ. 10,000 ಜನರಲ್ಲಿ 10 ಮಂದಿಗೆ ಕ್ಯಾನ್ಸರ್ ಇದೆ ಅಂದುಕೊಳ್ಳೋಣ. ಪರೀಕ್ಷೆ ಎರಡೂ ಕಡೆ ಶೇ. 90 ಸರಿ ಅಂತಲೇ ಇಟ್ಟುಕೊಳ್ಳೋಣ. ಆ ಹತ್ತರಲ್ಲಿ 9 ಸಿಗುತ್ತವೆ, ಜೊತೆಗೆ ರೋಗವಿಲ್ಲದ 999 ಮಂದಿಗೂ ಪಾಸಿಟಿವ್ ಬರುತ್ತದೆ. ಅಂದರೆ ಪಾಸಿಟಿವ್ ಬಂದ 112 ಮಂದಿಯಲ್ಲಿ ನಿಜವಾದ ರೋಗಿ ಒಬ್ಬರು. ಅದಕ್ಕಿಂತ ನನಗೆ ಹೆಚ್ಚು ಭಯ ಆ ತಪ್ಪಿಹೋದ ಒಬ್ಬರ ಬಗ್ಗೆ. ನೆಗೆಟಿವ್ ಚೀಟಿ ಕೈಯಲ್ಲಿದೆ ಅಂತ ಅವರು ಆರು ತಿಂಗಳು ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ.

ಜೊಲ್ಲು ಕೊಡುವ ಕ್ರಮವೂ ಫಲಿತಾಂಶವನ್ನು ಕೆಡಿಸಬಲ್ಲದು. ಬೆಳಿಗ್ಗೆ ಕೊಡಬೇಕು. ಅದಕ್ಕೆ ಮುಂಚೆ ಒಂದೂವರೆ ಗಂಟೆ ಊಟ, ಕಾಫಿ, ಬ್ರಷ್, ಎಲೆಅಡಿಕೆ, ಬೀಡಿ ಏನೂ ಕೂಡದು. ನೀರಿನಿಂದ ಬಾಯಿ ಮುಕ್ಕಳಿಸಿ ಐದು ನಿಮಿಷ ಸುಮ್ಮನೆ ಕೂರಬೇಕು. ಆಮೇಲೆ ತಲೆ ತುಸು ಬಗ್ಗಿಸಿ, ಐಸ್‌ನಲ್ಲಿಟ್ಟ ಟ್ಯೂಬಿಗೆ ಜೊಲ್ಲು ತಾನಾಗಿ ಇಳಿಯಲು ಬಿಡಬೇಕು. ಸುಮಾರು 5 ಮಿ.ಲೀ. ಬೇಕು, ನೊರೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಕೆಮ್ಮಿ ಕಫ ತೆಗೆದು ಉಗಿದರೆ ಅದು ಗಂಟಲಿನದು, ಜೊಲ್ಲಲ್ಲ. ಟ್ಯೂಬಿನಲ್ಲಿ ನಸುಗೆಂಪು ಕಂಡರೆ ರಕ್ತ ಸೇರಿದೆ ಎಂದರ್ಥ, ಆ ಮಾದರಿ ಬಿಸಾಡಿ ಬೇರೆ ತೆಗೆಯಬೇಕು. ಲ್ಯಾಬಿನಲ್ಲಿ 4 ಡಿಗ್ರಿಯಲ್ಲಿ ಗುರುತ್ವದ 2,600 ಪಟ್ಟು ಬಲ ಬೀಳುವಂತೆ 15 ನಿಮಿಷ ಯಂತ್ರದಲ್ಲಿ ತಿರುಗಿಸಿದರೆ ಕೋಶಗಳು ತಳಕ್ಕೆ ಕೂರುತ್ತವೆ. ಮೇಲಿನ ತಿಳಿಯನ್ನು ಮಾತ್ರ ತೆಗೆದು, ಆರ್‌ಎನ್‌ಎ ಕೆಡದಂತೆ ತಡೆಯುವ ದ್ರಾವಣ ಸೇರಿಸಿ ಮೈನಸ್ 80 ಡಿಗ್ರಿಗೆ ಇಡುತ್ತಾರೆ. ಜೊಲ್ಲಿನಲ್ಲೇ ಆರ್‌ಎನ್‌ಎ ಕತ್ತರಿಸುವ ಕಿಣ್ವಗಳಿವೆ. ದ್ರಾವಣವೂ ಐಸೂ ಇಲ್ಲದೆ ಟ್ಯೂಬನ್ನು ಮಧ್ಯಾಹ್ನದವರೆಗೆ ಮೇಜಿನ ಮೇಲೆ ಬಿಟ್ಟರೆ ಅಳೆಯಬೇಕಾದದ್ದೇ ಕರಗಿಹೋಗಿರುತ್ತದೆ. ಆಗ ಬರುವ ನೆಗೆಟಿವ್‌ಗೆ ಅರ್ಥವೇ ಇಲ್ಲ.

ಅಮೆರಿಕದ ದಂತವೈದ್ಯರ ಸಂಘ 2017ರಲ್ಲೇ, ಬಾಯಲ್ಲಿ ಸಂಶಯದ ಗಾಯ ಕಂಡಾಗ ಅದನ್ನು ತೀರ್ಮಾನಿಸಲು ಜೊಲ್ಲಿನ ಪರೀಕ್ಷೆ ಬಳಸಬೇಡಿ ಎಂದು ಹೇಳಿದೆ. ಜೊಲ್ಲಿನ ಪರೀಕ್ಷೆಯ ಕಿಟ್ ಮೇಲೆ ಎಫ್‌ಡಿಎ (ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ) 'ಬ್ರೇಕ್‌ಥ್ರೂ' ಎಂದಿದ್ದರೆ ಅದು ಪರಿಶೀಲನೆಯನ್ನು ಚುರುಕುಗೊಳಿಸುವ ವ್ಯವಸ್ಥೆ, ಮಂಜೂರಾತಿ ಅಂದುಕೊಳ್ಳಬೇಡಿ. ಇತ್ತ ನಮ್ಮ ಪಕ್ಕದ ತಿರುವನಂತಪುರದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬರೀ ಬೆಳಕು ಹಿಡಿದು ಬಾಯಿ ನೋಡಿದ್ದಕ್ಕೇ, ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದು ಭಾಗ ಇಳಿಯಿತು. 2005ರಲ್ಲಿ ಪ್ರಕಟವಾದ ಫಲಿತಾಂಶ ಅದು.

ಈಗ ಬಯಾಪ್ಸಿ ವಿಷಯ. ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂದು ತಂದೆಯವರಿಗೆ ಯಾರೋ ಹೇಳಿರಬಹುದು. ಆ ಮಾತು ನಂಬಬೇಡಿ, ಅದನ್ನು ನಂಬಿ ತಡ ಮಾಡಿದಷ್ಟೂ ರೋಗಕ್ಕೇ ಬೆಳೆಯಲು ಅವಕಾಶ. ಲಿಗ್ನೊಕೇನ್ ಚುಚ್ಚಿ ಜಾಗ ಮರಗಟ್ಟಿಸಿ, 4ರಿಂದ 6 ಮಿ.ಮೀ. ತುಣುಕು ತೆಗೆದು, ಬೇಕಾದರೆ ಒಂದೆರಡು ಹೊಲಿಗೆ ಹಾಕಿ ಅವತ್ತೇ ಮನೆಗೆ ಕಳಿಸುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಹತ್ತಿರದ ಡೆಂಟಲ್ ಕಾಲೇಜಿನ ಓರಲ್ ಮೆಡಿಸಿನ್ ವಿಭಾಗ ಆಗಬಹುದು, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯೂ ಆಗಬಹುದು. ಹೋಗುವ ಮುನ್ನ ಅವರ ಬಾಯಲ್ಲಿ ಮೂರು ಬೆರಳು ಒಂದರ ಮೇಲೊಂದು ನಿಲ್ಲುತ್ತವೆಯೇ ನೋಡಿ. ನಿಲ್ಲದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ, ಅಡಿಕೆಯಿಂದ ಕೆನ್ನೆ ಬಿಗಿದುಕೊಳ್ಳುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು.

ಬಯಾಪ್ಸಿ ರಿಪೋರ್ಟಿನಲ್ಲಿ 'ಡಿಸ್‌ಪ್ಲೇಸಿಯಾ (ಕ್ಯಾನ್ಸರ್‌ಗೆ ತಿರುಗಬಹುದಾದ ಕೋಶ ಬದಲಾವಣೆ) ಇಲ್ಲ' ಎಂದು ಬಂದರೂ ಒಂದು ಮಾತು ಕೇಳಿ: ತುಣುಕು ಮಚ್ಚೆಯ ಯಾವ ಭಾಗದಿಂದ ತೆಗೆದರು? ಕೆಂಪಾಗಿರುವ, ಉಬ್ಬಿದ, ಬೆರಳಿಗೆ ಗಟ್ಟಿ ಹತ್ತುವ ಭಾಗ ಬಿಟ್ಟು ಸುಲಭಕ್ಕೆ ಸಿಕ್ಕ ಬಿಳಿ ಅಂಚಿನಿಂದ ಮಾತ್ರ ತೆಗೆದಿದ್ದರೆ, ಇನ್ನೊಂದು ತುಣುಕು ತೆಗೆಯಿರಿ ಎಂದು ಕೇಳಲು ಹಿಂಜರಿಯಬೇಡಿ.