ಗಾಳಿಗೆ ಸಡಿಲವಾಗುವ ಟಾರ್ಪಾಲಿನ್ ಹಗ್ಗ: ಪ್ರತಿಕ್ರಿಯೆ

ಚಿತ್ರದುರ್ಗದ ಬಳಿಯ ಹೊಲದಲ್ಲಿ ಕಟ್ಟಿದ ಟಾರ್ಪಾಲಿನ್ ರಾತ್ರಿಯ ಗಾಳಿಗೆ ಜೋಲು ಬೀಳುತ್ತದೆ, ಕಲ್ಲು ನೆಲದಲ್ಲಿ ಗೂಟವೂ ಇಳಿಯದು, ಯಾವ ಗಂಟು ಹಾಕಲಿ ಎಂದು ಕೇಳಿದ್ದೀರಿ. ಗಾಳಿಯಂತ್ರಗಳನ್ನೇ ತಿರುಗಿಸುವ ಗಾಳಿಗೆ ಬರಿಯ ಕಗ್ಗಂಟು ಸಾಲದು. ಬಿಗಿಯೂ ಆಗದು, ಬೆಳಿಗ್ಗೆ ಬಿಚ್ಚಲೂ ಆಗದು.

ಗೂಟ ಇಳಿಯದ ಕಡೆ ದೊಡ್ಡ ಬಂಡೆಯನ್ನೇ ಗೂಟ ಮಾಡಿಕೊಳ್ಳಿ. ಅದಕ್ಕೆ ಬೋಲೈನ್ ಎಂಬ ಗಂಟು ಸರಿ. ಹಗ್ಗದಲ್ಲಿ ಪುಟ್ಟ ಕುಣಿಕೆ ಮಾಡಿ, ತುದಿಯನ್ನು ಬಂಡೆ ಸುತ್ತಿಸಿ ತಂದು ಕುಣಿಕೆಯ ಅಡಿಯಿಂದ ಮೇಲಕ್ಕೆ ತೂರಿಸಿ, ಉದ್ದದ ಹಗ್ಗದ ಹಿಂದೆ ಹಾಯಿಸಿ, ಅದೇ ಕುಣಿಕೆಯೊಳಗೆ ಕೆಳಕ್ಕಿಳಿಸಿ ಎಳೆಯಿರಿ. ಎಷ್ಟೇ ಭಾರ ಬಿದ್ದರೂ ಬಂಡೆಯ ಸುತ್ತಲಿನ ಕುಣಿಕೆ ಬಿಗಿಯುವುದಿಲ್ಲ, ಆಮೇಲೆ ಸಲೀಸಾಗಿ ಬಿಚ್ಚಬಹುದು. ಆದರೆ ಹಗ್ಗ ಪಟಪಟನೆ ಬಡಿಯುತ್ತಿದ್ದರೆ ಇದು ಸಡಿಲಗೊಳ್ಳಬಹುದು. ತುದಿಯನ್ನು ಗೇಣುದ್ದ ಬಿಟ್ಟು ಪಕ್ಕದ ಎಳೆಗೆ ಇನ್ನೊಂದು ಗಂಟು ಹಾಕಿ.

ಗೂಟ ಇಳಿಯುವ ಕಡೆ ಟಾಟ್‌ಲೈನ್ ಹಿಚ್ ಎಂಬ, ಸರಿಸಿ ಬಿಗಿ ಮಾಡುವ ಗಂಟು ಹಾಕಿ. ಹಗ್ಗವನ್ನು ಗೂಟಕ್ಕೆ ಸುತ್ತಿ ತಂದು, ಉದ್ದದ ಹಗ್ಗಕ್ಕೇ ಕುಣಿಕೆಯ ಒಳಗೆ ಎರಡು ಸುತ್ತು, ಹೊರಗೆ ಒಂದು ಸುತ್ತು ಹಾಕಿ ತುದಿಯನ್ನು ಸಿಕ್ಕಿಸಿ. ಗಂಟನ್ನು ಕೈಯಿಂದ ಸರಿಸಿದರೆ ಸರಿಯುತ್ತದೆ, ಎಳೆತಕ್ಕೆ ಮಾತ್ರ ಕಚ್ಚಿಕೊಳ್ಳುತ್ತದೆ. ನೈಲಾನ್ ನೆನೆದರೆ ಹಿಗ್ಗುತ್ತದೆ. ಆಗ ಬಿಚ್ಚದೆಯೇ ಬಿಗಿ ಮಾಡಬಹುದು. ನುಣುಪಾದ ಪ್ಲಾಸ್ಟಿಕ್ ಹಗ್ಗವಾದರೆ ಒಳಗೆ ಮೂರು ಸುತ್ತು ಬೇಕು.

ಇನ್ನೂ ಬಿಗಿ ಬೇಕೆಂದರೆ ದಾವಣಗೆರೆಯಲ್ಲಿ ಮೆಕ್ಕೆಜೋಳದ ಲಾರಿಗೆ ಹಗ್ಗ ಬಿಗಿಯುವವರನ್ನು ನೋಡಿ ಕಲಿಯಿರಿ, ಬರೆದು ತಿಳಿಸುವುದು ಕಷ್ಟ. ಬಂಡೆಯ ಅಂಚು ಹಗ್ಗಕ್ಕೆ ಉಜ್ಜುವಲ್ಲಿ ಗೋಣಿಚೀಲದ ತುಂಡು ಇಡಿ.