ಹಬ್ಬದ ಹಿಂದಿನ ಸಂಜೆ ಅಂಗಡಿಗೆ ಓಡುವವರಿಗೆ

ಪ್ರಶ್ನೆ: ಅಕ್ಕಾ, ಪ್ರತಿ ವರ್ಷ ನನ್ನದು ಇದೇ ಪಾಡು. ಕ್ರಿಸ್‌ಮಸ್ ಊಟದ ಸಾಮಾನು ತರುವ ಕೆಲಸ ಡಿಸೆಂಬರ್ 24ರ ಸಂಜೆಗೇ ಬಂದು ನಿಲ್ಲುತ್ತದೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಆ ವಾರ ಬಿಡುವು ಸಿಗುವುದೇ 24ರ ಮಧ್ಯಾಹ್ನದ ಮೇಲೆ. ಹೋದ ವರ್ಷ ಬಿಲ್ ಮಾಡಿಸಲು ಒಂದು ಗಂಟೆ ಸಾಲಿನಲ್ಲಿ ನಿಂತೆ. ಬೆಣ್ಣೆ ಖಾಲಿ, ಕ್ರೀಮ್ ಖಾಲಿ. ಉಳಿದಿದ್ದು ಫ್ರೀಜರ್‌ನಲ್ಲಿದ್ದ ಒಂದು ದೊಡ್ಡ ಟರ್ಕಿ ಕೋಳಿ. ಬೆಳಿಗ್ಗೆ ನೋಡಿದರೆ ಒಳಗೆಲ್ಲ ಮಂಜುಗಡ್ಡೆ! ಊಟಕ್ಕೆ ಒಂಬತ್ತು ಜನ ಬರುವವರಿದ್ದರು. ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಒಂದು ತಿಂಗಳು ಮುಂಚೆಯೇ ಶುರು ಮಾಡಬೇಕು ಎಂದು ಎಲ್ಲರೂ ಹೇಳುತ್ತಾರೆ. ನನ್ನಿಂದ ಅದು ಆಗುವುದಿಲ್ಲ. ಈ ಸಲ ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ಮನಸ್ಸು ಭಾರವಾಯಿತು. ಬಾಗಿಲು ಹಾಕಿಕೊಂಡು ಅಳುವಂಥ ತಪ್ಪು ನೀವು ಮಾಡಿಲ್ಲ. ತಿಂಗಳು ಮುಂಚೆ ಶುರು ಮಾಡಿ ಎಂದು ನಾನು ಹೇಳುವುದಿಲ್ಲ. ಕೆಲಸಕ್ಕೆ ಹೋಗುವ ಮನೆಗಳಲ್ಲಿ ಆ ಮಾತು ನಡೆಯುವುದಿಲ್ಲ ಅಂತ ನನಗೂ ಗೊತ್ತು.

ಮೂವತ್ತು ವರ್ಷ ಹಬ್ಬದ ಅಡುಗೆ ಮಾಡಿ ನನಗೆ ತಿಳಿದದ್ದು ಇಷ್ಟು. ಚೀಟಿಯಲ್ಲಿರುವ ಸಾಮಾನುಗಳಲ್ಲಿ ಹೆಚ್ಚಿನವನ್ನು 24ರ ಸಂಜೆ ತಂದರೂ ನಡೆಯುತ್ತದೆ. ನಡೆಯದೇ ಇರುವಂಥವು ಎರಡೋ ಮೂರೋ ಮಾತ್ರ. ಆ ಎರಡು ಮೂರನ್ನು ಮಾತ್ರ ಮುಂಚೆ ತರಬೇಕು. ಇಲ್ಲವಾದರೆ ಊಟದ ಪಟ್ಟಿಯಿಂದಲೇ ಅವನ್ನು ತೆಗೆಯಬೇಕು.

ಇದನ್ನು ಕಲಿಸಿದವರು ನನ್ನ ಅಮ್ಮ. ಒಂದು ವರ್ಷ ಅಮ್ಮನಿಗೆ ಹುಷಾರಿರಲಿಲ್ಲ, ಸಾಮಾನು ತರುವುದು ನನ್ನ ಪಾಲಿಗೆ ಬಂತು. ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ, ನಿಮ್ಮ ಹಾಗೆಯೇ, ಕಲ್ಲಿನಂತಿದ್ದ ಐದು ಕಿಲೋ ಟರ್ಕಿ ಹೊತ್ತು ತಂದೆ. ರಾತ್ರಿಯಿಡೀ ಅಡುಗೆಕಟ್ಟೆಯ ಮೇಲೆ ಇಟ್ಟೆ. ಬೆಳಿಗ್ಗೆ ಮೇಲೆ ಮೆತ್ತಗಿತ್ತು, ಒಳಗೆ ಕೈ ಹಾಕಿದರೆ ಐಸು. ಅಮ್ಮ ಹಾಸಿಗೆಯಿಂದ ಎದ್ದು ಬಂದು ಮೂಸಿ ನೋಡಿದರು. ‘ಇದು ಬೇಡ’ ಎಂದರು. ಅಷ್ಟು ದುಡ್ಡು ಕೊಟ್ಟು ತಂದದ್ದು, ನನಗೆ ತಡೆಯಲಾಗಲಿಲ್ಲ. ಅಮ್ಮ ಜಗ್ಗಲಿಲ್ಲ. ಆ ಮಧ್ಯಾಹ್ನ ಮೊಟ್ಟೆ, ಹುರಿದ ಆಲೂಗಡ್ಡೆ, ಬ್ರೆಡ್ಡು ತಿಂದೆವು.

ಅಮ್ಮ ಹೇಳಿದ್ದೇ ಸರಿ ಎಂದು ಆಮೇಲೆ ಗೊತ್ತಾಯಿತು. ಮಾಂಸ ಹೊರಗಿಟ್ಟರೆ ಮೇಲಿನ ಪದರ ಬೇಗ ಬಿಸಿಯೇರುತ್ತದೆ, ಒಳಗಿನದು ಗಟ್ಟಿಯಾಗಿಯೇ ಇರುತ್ತದೆ. ಒಳಗಿನ ಐಸು ಕರಗಲಿ ಅಂತ ನಾವು ಕಾಯುವಷ್ಟೂ ಹೊತ್ತು ಮೇಲ್ಗಡೆ ಬ್ಯಾಕ್ಟೀರಿಯಾ ಬೆಳೆಯುತ್ತಿರುತ್ತದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅದು ತುಂಬ ಚುರುಕು. ಮೂಸಿದರೆ ಎಲ್ಲ ಸಲವೂ ತಿಳಿಯುವುದಿಲ್ಲ. ಹಾಗಾಗಿ ಎಷ್ಟೇ ತಡವಾಗಿದ್ದರೂ ಹೊರಗಿಟ್ಟು ಕರಗಿಸಬೇಡಿ. ಇದೊಂದು ಮಾತನ್ನು ದಯವಿಟ್ಟು ಕೇಳಿ.

ಕರಗಿಸುವ ಸರಿಯಾದ ಜಾಗ ಫ್ರಿಜ್. ಅಲ್ಲಿ ಸುಮಾರು 2 ಕಿಲೋಗೆ 24 ಗಂಟೆ ಬೇಕು. ಅಂದರೆ 5 ಕಿಲೋ ಟರ್ಕಿಗೆ ಎರಡೂವರೆ ದಿನ. 25ರ ಬೆಳಿಗ್ಗೆ ಓವನ್‌ಗೆ ಹೋಗಬೇಕಾದರೆ 22ರ ಬೆಳಿಗ್ಗೆಯೇ ಫ್ರಿಜ್ ಸೇರಿರಬೇಕು. ಪೂರ್ತಿ ಕರಗಿದ ಮೇಲೂ ಒಂದೆರಡು ದಿನ ಫ್ರಿಜ್‌ನಲ್ಲಿ ಇಡಬಹುದು, ಹಾಗಾಗಿ ಅರ್ಧ ದಿನ ಮುಂಚೆ ಇಟ್ಟರೆ ನಷ್ಟವೇನಿಲ್ಲ. ನೀವು ಮುಂಚೆ ತರಬೇಕಾದವುಗಳಲ್ಲಿ ಮೊದಲನೆಯದು ಇದು. ಹಿಂದಿನ ಭಾನುವಾರ ತಂದು ಫ್ರೀಜರ್‌ಗೆ ಹಾಕಿ. 22ರಂದು ಕೆಲಸಕ್ಕೆ ಹೊರಡುವ ಮುಂಚೆ ಕೆಳಗಿನ ಫ್ರಿಜ್‌ಗೆ ಇಳಿಸಿ. ಅಡಿಗೆ ಒಂದು ತಟ್ಟೆ ಇರಲಿ, ನೀರು ಸೋರುತ್ತದೆ. ಎರಡು ನಿಮಿಷದ ಕೆಲಸ ಅಲ್ವಾ?

ಅದೂ ತಪ್ಪಿಹೋಯಿತು ಅನ್ನಿ. ಆಗ ತಣ್ಣೀರಿನ ದಾರಿ ಇದೆ. ನೀರು ಒಳಗೆ ಹೋಗದಂಥ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ತಣ್ಣೀರಿನಲ್ಲಿ ಮುಳುಗಿಸಿ. ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಅರ್ಧ ಕಿಲೋಗೆ ಅರ್ಧ ಗಂಟೆಗಿಂತ ತುಸು ಜಾಸ್ತಿ ಲೆಕ್ಕ, ಅಂದರೆ 5 ಕಿಲೋಗೆ ಐದು ಗಂಟೆಗಿಂತ ಸ್ವಲ್ಪ ಜಾಸ್ತಿ. ಬಿಸಿನೀರು ಬೇಡವೇ ಬೇಡ. ಹೀಗೆ ಕರಗಿಸಿದ್ದನ್ನು ಆಗಲೇ ಬೇಯಿಸಬೇಕು. ಅಂದರೆ ನಿದ್ದೆಗೆಟ್ಟು ನೀರು ಬದಲಿಸಬೇಕು, ಕತ್ತಲಿರುವಾಗಲೇ ಓವನ್ ಹಚ್ಚಬೇಕು. ಹಬ್ಬದ ಹಿಂದಿನ ರಾತ್ರಿ ಅಷ್ಟು ಕಷ್ಟ ಯಾಕೆ?

ಅದಕ್ಕಿಂತ, ಗಟ್ಟಿಯಾಗಿರುವಂತೆಯೇ ಓವನ್‌ಗೆ ಇಡುವುದು ಮೇಲು. ಬಹಳ ಜನಕ್ಕೆ ಇದು ಗೊತ್ತಿಲ್ಲ. 165 ಡಿಗ್ರಿ ಓವನ್‌ನಲ್ಲಿ ಇಡಬಹುದು, ಸಮಯ ಮಾತ್ರ ಒಂದೂವರೆ ಪಟ್ಟು. ಮೂರು ಗಂಟೆಯಲ್ಲಿ ಬೇಯುವುದಕ್ಕೆ ನಾಲ್ಕೂವರೆ ಗಂಟೆ. ಹೊಟ್ಟೆಯೊಳಗೆ ಏನನ್ನೂ ತುಂಬಬೇಡಿ. ಕೆಲವದರ ಹೊಟ್ಟೆಯಲ್ಲಿ ಗುಂಡಿಗೆ, ಲಿವರ್ ಕಟ್ಟಿಟ್ಟ ಸಣ್ಣ ಪೊಟ್ಟಣ ಇರುತ್ತದೆ. ಒಳಗೆ ಸ್ವಲ್ಪ ಸಡಿಲವಾದ ಕೂಡಲೇ ಇಕ್ಕಳದಿಂದ ಅದನ್ನು ಹೊರಗೆ ತೆಗೆಯಿರಿ. ಬೆಂದಿದೆಯೇ ಎಂದು ಬಣ್ಣ ನೋಡಿ ನಿರ್ಧರಿಸಬೇಡಿ. ತೊಡೆಯ ದಪ್ಪ ಭಾಗಕ್ಕೆ ಮೂಳೆ ತಾಗದಂತೆ ಥರ್ಮಾಮೀಟರ್ ಚುಚ್ಚಿದರೆ 74 ಡಿಗ್ರಿ ತೋರಿಸಬೇಕು. ಈ ವರ್ಷ ನಿಮ್ಮ ಅಡುಗೆಮನೆಗೆ ಒಂದೇ ಹೊಸ ಸಾಮಾನು ಕೊಳ್ಳುವುದಾದರೆ ಅದು ಆ ಥರ್ಮಾಮೀಟರ್ ಆಗಿರಲಿ.

ನನ್ನನ್ನು ಕೇಳಿದರೆ, 24ರ ಸಂಜೆ ಅಂಗಡಿಯಲ್ಲಿ ನಿಂತಿರುವವರು ಇಡೀ ಹಕ್ಕಿಯ ಆಸೆಯನ್ನೇ ಬಿಡಬೇಕು. ಫ್ರೀಜರ್‌ಗೆ ಹಾಕದ ತಾಜಾ ಕೋಳಿಯ ತೊಡೆ, ಕಾಲುಗಳ ತುಂಡು ಕೊಳ್ಳಿ. ಉಪ್ಪು, ಕಾಳುಮೆಣಸು, ಬೆಳ್ಳುಳ್ಳಿ, ನಿಂಬೆರಸ ಸವರಿ ರಾತ್ರಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಬಿಸಿ ಓವನ್‌ನಲ್ಲಿ ಮುಕ್ಕಾಲು ಗಂಟೆ ಸಾಕಾಗುತ್ತದೆ. ಎಲ್ಲ ತುಂಡೂ ಹೊಂಬಣ್ಣಕ್ಕೆ ಬರುತ್ತದೆ, ಕತ್ತರಿಸುವ ಪೇಚಾಟವೂ ಇಲ್ಲ. ನಮ್ಮ ಮನೆಯಲ್ಲಿ ಹೀಗೆ ಮಾಡಿದ ವರ್ಷ ಯಾರೂ ದೊಡ್ಡ ಹಕ್ಕಿ ಎಲ್ಲಿ ಎಂದು ಕೇಳಲಿಲ್ಲ. ತಟ್ಟೆ ಖಾಲಿಯಾಯಿತು.

ಎಷ್ಟು ತರಬೇಕು? ಮೂಳೆ ಸಮೇತ ತಲೆಗೆ ಅರ್ಧ ಕಿಲೋ ಹಿಡಿದರೆ ಒಂಬತ್ತು ಜನಕ್ಕೆ ನಾಲ್ಕೂವರೆ ಕಿಲೋ. ಅದಕ್ಕಿಂತ ಜಾಸ್ತಿ ಬೇಡ. ಕೊನೆ ಗಳಿಗೆಯಲ್ಲಿ ಹೋದವರು ಎಲ್ಲವನ್ನೂ ಎರಡೆರಡು ತೆಗೆದುಕೊಳ್ಳುತ್ತಾರೆ, ಅಂಗಡಿಗಳು ಇನ್ನು ತೆರೆಯುವುದೇ ಇಲ್ಲವೇನೋ ಅನ್ನುವ ಹಾಗೆ. ಅವು ಮುಚ್ಚಿರುವುದು ಒಂದೋ ಎರಡೋ ದಿನ. ತಂದದ್ದನ್ನು ಇಡಲು ಫ್ರಿಜ್‌ನಲ್ಲಿ ಜಾಗವೂ ಬೇಕಲ್ಲ. ಫ್ರಿಜ್ ತುರುಕಿ ತುಂಬಿದರೆ ಒಳಗೆ ಗಾಳಿ ಆಡುವುದಿಲ್ಲ, 5 ಡಿಗ್ರಿಗಿಂತ ಕೆಳಗಿರಬೇಕಾದದ್ದು ಮೇಲೆ ಹೋಗುತ್ತದೆ. 23ರ ರಾತ್ರಿ ಹಳೆಯದನ್ನೆಲ್ಲ ತಿಂದು ಮುಗಿಸಿ. ಕುಡಿಯುವ ಬಾಟಲಿಗಳನ್ನು ಹೊರಗಿಡಿ. ಊಟದ ಹೊತ್ತಿಗೆ ಐಸು ಹಾಕಿದ ಬಕೆಟ್‌ನಲ್ಲಿ ಮುಳುಗಿಸಿದರೆ ಬೇಗ ತಣ್ಣಗಾಗುತ್ತವೆ.

ಚೀಟಿ ಬರೆಯುವಾಗ ಅಮ್ಮನ ಕ್ರಮ ಅನುಸರಿಸಿ. ಅಮ್ಮ ಬೀರುವಿನ ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿದ್ದರು. ಮೇಲೆ ‘ಊಟ 1 ಗಂಟೆ’ ಎಂದು ಬರೆದು, ಅಲ್ಲಿಂದ ಹಿಂದಕ್ಕೆ ಇಳಿಯುತ್ತಿದ್ದರು. 12ಕ್ಕೆ ಓವನ್‌ನಿಂದ ತೆಗೆಯಬೇಕು, 9ಕ್ಕೆ ಒಳಗಿಡಬೇಕು, 8ಕ್ಕೆ ಬೆಣ್ಣೆ ಹೊರಗಿಡಬೇಕು. ಹೀಗೆ ಹಿಂದೆ ಹಿಂದೆ ಹೋಗುವಾಗ ಯಾವ ಸಾಮಾನು 24ರ ಸಂಜೆಯನ್ನು ದಾಟಿ ಇನ್ನೂ ಹಿಂದೆ ಹೋಗುತ್ತದೋ, ಅದು ಮುಂಚೆ ತರಬೇಕಾದದ್ದು. ಒಮ್ಮೆ ಬರೆದು ನೋಡಿ. ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ, ಮೊಟ್ಟೆ, ಬ್ರೆಡ್ಡು ಯಾವುದೂ ಆ ಗೆರೆ ದಾಟುವುದಿಲ್ಲ. ಆದರೆ ಬೆಣ್ಣೆ ಮತ್ತು ಕ್ರೀಮ್ ಬೇಗ ಖಾಲಿಯಾಗುತ್ತವೆ, ಬೇಗ ಕೆಡುವುದೂ ಇಲ್ಲ. ಕ್ರೀಮ್‌ನ ಡಬ್ಬದ ಮೇಲಿನ ತಾರೀಕು ನೋಡಿಕೊಂಡು ಎರಡನ್ನೂ ಟರ್ಕಿಯ ಜೊತೆಗೇ ಭಾನುವಾರ ತಂದುಬಿಡಿ.

ಸಾಧ್ಯವಾದರೆ 24ರ ಸಂಜೆಗಿಂತ ಅಂಗಡಿ ತೆರೆಯುವ ಹೊತ್ತಿಗೆ, ಕೆಲಸಕ್ಕೆ ಹೋಗುವ ದಾರಿಯಲ್ಲಿ, ಹೋಗಿ. ಒಣ ಸಾಮಾನು ಮೊದಲು, ತರಕಾರಿ ಆಮೇಲೆ, ಮಾಂಸ ಮತ್ತು ತಣ್ಣಗಿರಬೇಕಾದದ್ದು ಕಟ್ಟಕಡೆಗೆ. ಹಸಿ ಮಾಂಸಕ್ಕೆ ಬೇರೆಯೇ ಚೀಲ. ಹೋದ ವರ್ಷ ನೀವು ನಿಂತ ಒಂದು ಗಂಟೆಯ ಸಾಲಿನಲ್ಲಿ ನಿಮ್ಮ ಕೈಯಲ್ಲಿದ್ದ ಸಾಮಾನೂ ಬಿಸಿಯಾಗುತ್ತಿತ್ತು. ಬೆಳಿಗ್ಗೆ ಕೊಂಡಿರೋ, ಕೆಲಸದ ಜಾಗದಲ್ಲಿ ಫ್ರಿಜ್ ಇದ್ದರೆ ಮಾತ್ರ ಮಾಂಸ ತೆಗೆದುಕೊಳ್ಳಿ. ಇಲ್ಲದಿದ್ದರೆ ಅದೊಂದನ್ನು ಸಂಜೆಗೆ ಬಿಡಿ.

ಪ್ರಶ್ನೆ: ಹಬ್ಬಕ್ಕೆ ಎರಡೇ ದಿನ ಇದೆ. ಕೇಕ್‌ಗೆ ಹಣ್ಣು ನೆನೆಸಿಲ್ಲ, ಒಣದ್ರಾಕ್ಷಿ ಇನ್ನೂ ಅಂಗಡಿಯಲ್ಲೇ ಇದೆ! ಕೇಕ್ ಆಸೆ ಬಿಡಬೇಕಾ?

ಉತ್ತರ: ಬಿಡಬೇಡಿ. ಒಣದ್ರಾಕ್ಷಿ, ಖರ್ಜೂರ, ಟೂಟಿಫ್ರೂಟಿ ಏನು ಸಿಗುತ್ತದೋ ತನ್ನಿ. ಮುಳುಗುವಷ್ಟು ಕಿತ್ತಳೆ ರಸ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಮುಚ್ಚಿಟ್ಟು ಪೂರ್ತಿ ಆರಲು ಬಿಡಿ. ಬಿಸಿಗೆ ಹಣ್ಣು ರಸ ಎಳೆದುಕೊಂಡು ಉಬ್ಬುತ್ತದೆ. ವಾರಗಟ್ಟಲೆ ನೆನೆದದ್ದರ ಆಳವಾದ ರುಚಿ ಇದಕ್ಕೆ ಬರುವುದಿಲ್ಲ, ಸುಳ್ಳು ಹೇಳಲಾರೆ. ಆದರೂ ಒಳ್ಳೆಯ ಕೇಕ್ ಆಗುತ್ತದೆ. ಬಿಸಿ ಇರುವಾಗ ಹಿಟ್ಟಿಗೆ ಸೇರಿಸಬೇಡಿ, ಬೆಣ್ಣೆ ಕರಗಿ ಹಿಟ್ಟು ನೀರಾಗುತ್ತದೆ.

ಇನ್ನೊಂದು ವಿಷಯ. ಎಲ್ಲವೂ 25ರಂದೇ ಮೇಜಿನ ಮೇಲೆ ಬರಬೇಕೆಂದು ಯಾರು ಹೇಳಿದರು? ಕ್ರಿಸ್‌ಮಸ್‌ಗೆ 12 ದಿನ ಎಂದು ಹಳೆಯ ಲೆಕ್ಕವೇ ಇದೆ. ಮೂವರು ಜ್ಞಾನಿಗಳು ಕೂಸನ್ನು ನೋಡಲು ಬಂದದ್ದನ್ನು ನೆನೆಯುವ ಎಪಿಫನಿ ಹಬ್ಬ ಜನವರಿ 6ಕ್ಕೆ ಬರುತ್ತದೆ. ಈಗ ಸಾದಾ ಸ್ಪಂಜ್ ಕೇಕ್ ಮಾಡಿ, ಅದು ಆ ದಿನವೇ ತಿಂದರೆ ಚೆನ್ನ. ಹಣ್ಣನ್ನು ಇವತ್ತೇ ನೆನೆಹಾಕಿ. ಎರಡು ವಾರ ನೆನೆದ ಹಣ್ಣಿನ ಕೇಕ್ ಜನವರಿ 6ಕ್ಕೆ ಇರಲಿ. ನಾನು ಎರಡು ಸಲ ಹಾಗೆ ಮಾಡಿದ್ದೇನೆ. ಹಬ್ಬದ ಗಡಿಬಿಡಿ ಮುಗಿದ ಮೇಲೆ ಬಂದ ಆ ಕೇಕನ್ನು ಮನೆಯವರು ನಿಧಾನವಾಗಿ ಕೂತು ತಿಂದರು.

ಪ್ರಶ್ನೆ: ಮೇಡಂ, 24ರಂದು ಅಂಗಡಿಗೆ ಹೋಗುವ ಕೆಲಸ ನನ್ನದು. ಹೆಂಡತಿ ಬರೆದುಕೊಟ್ಟದ್ದರಲ್ಲಿ ಅರ್ಧ ಸಿಗುವುದಿಲ್ಲ. ಬದಲಿಗೆ ಏನಾದರೂ ತಂದರೆ ಅದು ಉಪಯೋಗಕ್ಕೆ ಬರುವುದಿಲ್ಲ. ಏನು ಮಾಡಬೇಕು?

ಉತ್ತರ: ಯಾವುದು ಯಾತಕ್ಕೆ ಎಂದು ಪಕ್ಕದಲ್ಲಿ ಬರೆಸಿಕೊಳ್ಳಿ. ಕ್ರೀಮ್ ಸಾರಿಗೋ, ಕೇಕ್ ಮೇಲೆ ಹಾಕಲೋ? ಸಾರಿಗಾದರೆ ತೆಳುವಾದದ್ದೂ ಆಗುತ್ತದೆ. ಕಡೆದು ನೊರೆ ಎಬ್ಬಿಸಬೇಕಾದರೆ ಡಬ್ಬದ ಮೇಲೆ ಕೊಬ್ಬು 30 ಪರ್ಸೆಂಟ್ ಅಥವಾ ಜಾಸ್ತಿ ಎಂದಿರಬೇಕು, ಅದಕ್ಕಿಂತ ಕಡಿಮೆ ಇದ್ದರೆ ಎಷ್ಟು ಕಡೆದರೂ ನಿಲ್ಲುವುದಿಲ್ಲ. ಉಪ್ಪಿಲ್ಲದ ಬೆಣ್ಣೆ ಸಿಗದಿದ್ದರೆ ಉಪ್ಪಿನದು ತನ್ನಿ, ಹಿಟ್ಟಿಗೆ ಬೇರೆ ಉಪ್ಪು ಹಾಕದಿದ್ದರಾಯಿತು. ಐಸಿಂಗ್ ಶುಗರ್ ಇಲ್ಲವೇ? ಸಕ್ಕರೆಯನ್ನು ಒಂದು ಚಮಚ ಕಾರ್ನ್‌ಫ್ಲೋರ್ ಜೊತೆ ಮಿಕ್ಸಿಯಲ್ಲಿ ನುಣ್ಣಗೆ ಮಾಡಬಹುದು. ಬೇಕಿಂಗ್ ಪೌಡರ್ ಬದಲು ಅಡುಗೆ ಸೋಡಾ ಮಾತ್ರ ತರಬೇಡಿ, ಎರಡೂ ಒಂದೇ ಅಲ್ಲ. ಮನೆಯಲ್ಲಿ ಹಳೆಯ ಬೇಕಿಂಗ್ ಪೌಡರ್ ಇದ್ದರೆ ಅರ್ಧ ಚಮಚ ಬಿಸಿನೀರಿಗೆ ಹಾಕಿ ನೋಡಿ. ಬುಸುಬುಸು ಎಂದು ನೊರೆ ಬಂದರೆ ಹೊಸದು ಬೇಕಿಲ್ಲ.

ಹೊರಡುವ ಮುಂಚೆ ಫ್ರಿಜ್ ಮತ್ತು ಡಬ್ಬಿಗಳ ಕಪಾಟಿನ ಬಾಗಿಲು ತೆಗೆದು ಫೋನಿನಲ್ಲಿ ಒಂದೊಂದು ಫೋಟೊ ತೆಗೆದುಕೊಳ್ಳಿ. ಮೊಟ್ಟೆ ಎಷ್ಟಿದೆ, ಮೈದಾ ಇದೆಯೇ ಎಂದು ಅಂಗಡಿಯಲ್ಲಿ ನಿಂತು ನೆನಪು ಮಾಡಿಕೊಳ್ಳುವ ಕಷ್ಟ ತಪ್ಪುತ್ತದೆ.